ಲ್ಯಾಬಿನ ವೈಬ್ರೇಶನ್ ಜನರೇಟರ್ ಸೆಟ್: ಎಂಟು ತಿಂಗಳು ಬಳಸಿದ ಮೇಲೆ

ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಕಳೆದ ವರ್ಷ ನಮ್ಮ ಲ್ಯಾಬಿಗೆ ಒಂದು ವೈಬ್ರೇಶನ್ ಜನರೇಟರ್ ಸೆಟ್ ತರಿಸಿದೆವು. ತೆರಿಗೆ ಎಲ್ಲ ಸೇರಿ 11,500 ರೂಪಾಯಿ ಬಿತ್ತು. ಕೊಳ್ಳುವ ಮುಂಚೆ ಇದನ್ನು ಬಳಸಿದವರು ಯಾರಾದರೂ ಏನಾದರೂ ಬರೆದಿದ್ದಾರಾ ಅಂತ ಹುಡುಕಿದೆ. ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಅದಕ್ಕೇ ಎಂಟು ತಿಂಗಳ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ತಯಾರಿಸಿದವರ ಹೆಸರು ಹಾಕುವುದಿಲ್ಲ. ಈ ಬೆಲೆಗೆ ಸಿಗುವ ಸೆಟ್‌ಗಳು ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ನಾನು ಹೇಳುವ ಪರೀಕ್ಷೆಗಳನ್ನು ಯಾವ ಸೆಟ್ ಮೇಲಾದರೂ ಮಾಡಿ ನೋಡಬಹುದು.

ಡಬ್ಬದಲ್ಲಿ ಇದ್ದದ್ದು ಇಷ್ಟು. ಸಣ್ಣ ಟಿಫನ್ ಕ್ಯಾರಿಯರ್ ಗಾತ್ರದ ಕಂಪಿಸುವ ಯಂತ್ರ, ಅದನ್ನು ಓಡಿಸುವ ಸಿಗ್ನಲ್ ಜನರೇಟರ್, ಒಂದು ಚೌಕದ ತಗಡು, ಒಂದು ದುಂಡು ತಗಡು, ಎಲಾಸ್ಟಿಕ್ ದಾರ, ಒಂದು ಸ್ಪ್ರಿಂಗ್. ಯಂತ್ರದೊಳಗೆ ಇರುವುದು ಸ್ಪೀಕರಿನದೇ ಕರುಳು. ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಕಾಗದದ ಕೋನ್ ಬದಲಿಗೆ ಮೇಲೆ ಒಂದು ಲೋಹದ ಕಡ್ಡಿ ಎದ್ದು ನಿಂತಿರುತ್ತದೆ. ಆ ಕಡ್ಡಿಗೆ ಏನು ಸಿಕ್ಕಿಸಿದರೂ ಅದು ಮೇಲೆ ಕೆಳಗೆ ಕುಣಿಯುತ್ತದೆ. ಪಕ್ಕದಲ್ಲಿ ಒಂದು ಲಾಕ್ ಇದೆ. ತಗಡು ಸಿಕ್ಕಿಸುವಾಗ, ಬಿಚ್ಚುವಾಗ ಲಾಕ್ ಹಾಕಲೇಬೇಕು. ಇಲ್ಲದಿದ್ದರೆ ಒಳಗಿನ ಸುರುಳಿ ಓರೆಯಾಗುತ್ತದೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿ.

ಕಾಲೇಜು ಇದಕ್ಕೆ ದುಡ್ಡು ಕೊಟ್ಟದ್ದು ಮೆಲ್ಡೆ ಪ್ರಯೋಗಕ್ಕೆ, ಅಂದರೆ ಬಿಗಿದ ದಾರವನ್ನು ಕಂಪಿಸಿ ಅದರಲ್ಲಿ ಏಳುವ ಅಲೆಗಳನ್ನು ಅಳೆಯುವುದಕ್ಕೆ. ಅದು ಸಿಲಬಸ್‌ನಲ್ಲಿದೆ. ನನಗೆ ಇದು ಬೇಕಿದ್ದದ್ದು ಬೇರೆ ಕಾರಣಕ್ಕೆ. ಆ ಕಾರಣ ಹೇಳದೆ ಈ ವಿಮರ್ಶೆ ಅರ್ಥವಾಗುವುದಿಲ್ಲ.

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ನಮ್ಮ ಮೇಷ್ಟರೊಬ್ಬರು ತರಗತಿಗೆ ಒಂದು ಜೆರಾಕ್ಸ್ ಹಾಳೆ ತಂದಿದ್ದರು. 1996ರ ನೇಚರ್ ಪತ್ರಿಕೆಯ ಲೇಖನ. ಪಾಲ್ ಉಂಬನ್‌ಹೋವರ್, ಫ್ರಾನ್ಸಿಸ್ಕೋ ಮೆಲೊ, ಹ್ಯಾರಿ ಸ್ವಿನ್ನಿ ಅಂತ ಮೂವರ ಹೆಸರು. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಕೆಲಸ. ಒಂದು ಪಾತ್ರೆಯಲ್ಲಿ ತೆಳ್ಳಗೆ ಕಂಚಿನ ಸಣ್ಣ ಗುಂಡುಗಳನ್ನು ಹರಡಿ, ಗಾಳಿ ತೆಗೆದು, ಪಾತ್ರೆಯನ್ನು ಮೇಲೆ ಕೆಳಗೆ ಅಲ್ಲಾಡಿಸಿದ್ದರು. ಒಂದೊಂದು ಗುಂಡೂ 0.15ರಿಂದ 0.18 ಮಿ.ಮೀ. ಅಷ್ಟೇ. ಒಂದು ಹದದಲ್ಲಿ ಅಲ್ಲಾಡಿಸಿದಾಗ ಸಮತಟ್ಟಾದ ಆ ಪದರದ ನಡುವೆ ಒಂಟಿ ಗುಪ್ಪೆ ಏಳುತ್ತದೆ. ಮುಂದಿನ ಕಂಪನದಲ್ಲಿ ಅದೇ ಜಾಗ ಗುಳಿಯಾಗುತ್ತದೆ. ಮತ್ತೆ ಗುಪ್ಪೆ, ಮತ್ತೆ ಗುಳಿ. ಸುತ್ತಲಿನ ಪದರ ಸುಮ್ಮನೆ ಸಪಾಟಾಗಿ ಇರುತ್ತದೆ. ಇದಕ್ಕೆ ಅವರು ಆಸಿಲಾನ್ ಅಂತ ಹೆಸರಿಟ್ಟರು. ಒಂದು ಗುಪ್ಪೆಯಾಗುವಾಗ ಇನ್ನೊಂದು ಗುಳಿಯಾಗುವಂಥ ಎರಡು ಆಸಿಲಾನ್ ಹತ್ತಿರ ಬಂದರೆ ಅಂಟಿಕೊಂಡು ಜೋಡಿಯಾಗುತ್ತವೆ. ಎರಡೂ ಒಟ್ಟೊಟ್ಟಿಗೆ ಗುಪ್ಪೆಯಾಗುವಂಥವಾದರೆ ಒಂದನ್ನೊಂದು ದೂರ ತಳ್ಳುತ್ತವೆ. ಬರೀ ಗುಂಡುಗಳ ರಾಶಿ ಅದು. ಒಂದಕ್ಕೊಂದು ಅಂಟಿಸುವ ಗೋಂದೂ ಇಲ್ಲ, ವಿದ್ಯುತ್ತಿನ ಸೆಳೆತವೂ ಇಲ್ಲ.

ಜೆರಾಕ್ಸ್‌ನಲ್ಲಿ ಚಿತ್ರ ಕಪ್ಪು ಮಸಿಯಂತೆ ಬಂದಿತ್ತು. ಆದರೂ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಸ್ವಿನ್ನಿ ಅವರ ಕೆಲಸ ಸಿಕ್ಕಿದ್ದನ್ನೆಲ್ಲ ಓದಿದೆ. 1939ರಲ್ಲಿ ಲೂಯಿಸಿಯಾನಾದ ಒಪೆಲೂಸಸ್‌ನಲ್ಲಿ ಹುಟ್ಟಿದವರು. 1975ರಲ್ಲಿ ಅವರು ಜೆರ್ರಿ ಗೊಲಬ್ ಜೊತೆ ಮಾಡಿದ ಪ್ರಯೋಗ ತುಂಬ ದೊಡ್ಡದು. ಒಂದರೊಳಗೊಂದು ಎರಡು ಸಿಲಿಂಡರ್, ನಡುವೆ ದ್ರವ. ಒಳಗಿನದನ್ನು ನಿಧಾನವಾಗಿ ತಿರುಗಿಸುತ್ತಾ ಹೋಗುವುದು. ಮೊದಲು ದ್ರವ ಸುಮ್ಮನೆ ಸುತ್ತುತ್ತದೆ. ವೇಗ ಒಂದು ಮಟ್ಟ ದಾಟಿದರೆ ಬಳೆ ಜೋಡಿಸಿಟ್ಟ ಹಾಗೆ ಸುರುಳಿಗಳು ಮೂಡುತ್ತವೆ. ಇನ್ನಷ್ಟು ವೇಗಕ್ಕೆ ಆ ಬಳೆಗಳು ಅಲೆಯಾಡುತ್ತವೆ. ಕೊನೆಗೆ ಅಂಕೆ ತಪ್ಪುತ್ತದೆ. ಅಂಕೆ ತಪ್ಪುವ ಮುಂಚೆ ಹೊಸ ಹೊಸ ತಾಳಗಳು ಒಂದರ ಮೇಲೊಂದು ಎಂದು ಕೊನೆಯಿಲ್ಲದೆ ಸೇರುತ್ತಾ ಹೋಗುತ್ತವೆ ಅಂತ ಸೋವಿಯತ್ ಭೌತವಿಜ್ಞಾನಿ ಲ್ಯಾಂಡೌ ಹೇಳಿದ್ದರು. ಗೊಲಬ್ ಮತ್ತು ಸ್ವಿನ್ನಿ ಅಳೆದು ನೋಡಿದಾಗ ಹಾಗೆ ಆಗಲಿಲ್ಲ. ಕೆಲವೇ ಮೆಟ್ಟಿಲು, ಆಮೇಲೆ ನೇರ ಗೊಂದಲ. ಕೆಯಾಸ್ ಅಂತ ನಾವು ಈಗ ಪಾಠ ಮಾಡುವುದಕ್ಕೆ ಪ್ರಯೋಗಶಾಲೆಯ ಬಲ ಸಿಕ್ಕ ಮೊದಲ ದಿನಗಳವು.

ಅವರು ಆಮೇಲೆ ಮಾಡಿದ್ದರಲ್ಲೂ ಇದೇ ದಾರಿ ಕಾಣುತ್ತದೆ. ತಿರುಗುವ ತೊಟ್ಟಿಯಲ್ಲಿ ಗುರುಗ್ರಹದ ಕೆಂಪು ಮಚ್ಚೆಯಂಥ ಒಂದೇ ದೊಡ್ಡ ಸುಳಿ ನಿಲ್ಲುವುದನ್ನು 1988ರಲ್ಲಿ ತೋರಿಸಿದರು. 1991ರಲ್ಲಿ ಚಿ ಒಯಾಂಗ್ ಜೊತೆ, ರಾಸಾಯನಿಕ ತುಂಬಿದ ಜೆಲ್ಲಿನ ತೆಳು ಹಾಳೆಯಲ್ಲಿ ತಾನಾಗಿ ಚುಕ್ಕಿ ಮತ್ತು ಪಟ್ಟೆ ಮೂಡಿಸಿದರು. ಅಂಥ ವಿನ್ಯಾಸಗಳು ಆಗಬಹುದು ಅಂತ ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಅಡುಗೆಮನೆಯಲ್ಲಿ ಸಿಗುವ ಕಾರ್ನ್‌ಫ್ಲೋರ್ ಪ್ರಯೋಗ 2004ರದ್ದು. ಅದರ ಕಥೆ ಆಮೇಲೆ.

ನನ್ನ ಪ್ರಶ್ನೆ ಇಷ್ಟೇ ಇತ್ತು. ಹನ್ನೊಂದೂವರೆ ಸಾವಿರದ ಈ ಯಂತ್ರದಲ್ಲಿ ನಮ್ಮ ಮಕ್ಕಳಿಗೆ ಇದರಲ್ಲಿ ಎಷ್ಟನ್ನು ಕಣ್ಣಾರೆ ತೋರಿಸಬಹುದು?

ಮೊದಲು ಸುಲಭದ್ದು. ಚೌಕದ ತಗಡನ್ನು ಸಿಕ್ಕಿಸಿ, ಮೇಲೆ ಪುಡಿ ಉದುರಿಸಿ, ಸ್ವರ ಏರಿಸುತ್ತಾ ಹೋಗುವುದು. ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಅವರು ಪಿಟೀಲಿನ ಕಮಾನಿನಿಂದ ತಗಡಿನ ಅಂಚನ್ನು ಉಜ್ಜಿದ್ದರು. ಸೆಟ್ ಜೊತೆ ಮರಳು ಬರುವುದಿಲ್ಲ. ದಸರಾ ರಜೆಯಲ್ಲಿ ಯಂತ್ರವನ್ನು ಮನೆಗೆ ತಂದಿದ್ದೆ. ಅತ್ತೆಯ ರಂಗೋಲಿ ಡಬ್ಬಿ ಕಣ್ಣಿಗೆ ಬಿತ್ತು. ಅದನ್ನೇ ಉದುರಿಸಿದೆ.

ಗೆರೆಗಳು ಚೆನ್ನಾಗಿಯೇ ಬಂದವು. ಬಿಳಿ ರಂಗೋಲಿ, ಕಪ್ಪು ತಗಡು. ಅತ್ತೆ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ ಕೇಳಿದರು, "ಗೆರೆ ಸರಿ ಕಣಮ್ಮ, ನಡುನಡುವೆ ಈ ಹಿಟ್ಟಿನ ಗುಪ್ಪೆ ಯಾಕೆ? ಅದು ಗೆರೆಗೆ ಹೋಗಿ ಸೇರ್ಬೇಕಲ್ವಾ?"

ನಾನು ಬಗ್ಗಿ ನೋಡಿದೆ. ಹೌದು. ಗೆರೆಯ ಮೇಲೆ ಇದ್ದದ್ದು ದಪ್ಪ ಹರಳು. ಗೆರೆಗಳ ನಡುವೆ, ತಗಡು ಅತಿ ಜಾಸ್ತಿ ಕುಣಿಯುವ ಜಾಗದಲ್ಲೇ, ಸಾಸಿವೆಯಷ್ಟಗಲದ ಸಣ್ಣ ಸಣ್ಣ ಗುಪ್ಪೆ. ಬೆರಳಿಂದ ಮುಟ್ಟಿದರೆ ಪೌಡರಿನ ಹಾಗೆ ನಯ. ಗುಪ್ಪೆ ಒಳಗೇ ಕುದಿಯುವ ಹಾಗೆ ಹೊರಳುತ್ತಿತ್ತು. ನಡುವೆ ಮೇಲೆ ಎದ್ದು, ಬದಿಯಿಂದ ಇಳಿದು, ಬುಡದಲ್ಲಿ ಮತ್ತೆ ಒಳಗೆ. ಅಂಗಡಿಯ ರಂಗೋಲಿ ಪುಡಿಯಲ್ಲಿ ಹರಳೂ ಇರುತ್ತದೆ, ದೂಳೂ ಇರುತ್ತದೆ. ಹರಳು ಕುಣಿತವಿಲ್ಲದ ಗೆರೆಗೆ ಹೋಗುತ್ತದೆ. ದೂಳು ಮಾತ್ರ ಅದಕ್ಕೆ ತದ್ವಿರುದ್ಧ. ತಗಡಿನ ಮೇಲೆ ಹುಟ್ಟುವ ಗಾಳಿಯ ಸಣ್ಣ ಸುಳಿ ಅದನ್ನು ಎಳೆದುಕೊಂಡು ಹೋಗಿ ಕುಣಿತದ ನಡುವೆಯೇ ಗುಡ್ಡೆ ಹಾಕುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಬಿಡಿಸಿ ಹೇಳಿದ್ದರು. ಗಾಳಿ ತೆಗೆದ ಪಾತ್ರೆಯಲ್ಲಿ ಮಾಡಿದರೆ ದೂಳು ಹೀಗೆ ನಡುವೆ ಗುಡ್ಡೆಯಾಗುವುದಿಲ್ಲ ಅಂತಲೂ ತೋರಿಸಿದ್ದರು. ಆಸ್ಟಿನ್‌ನವರು ತಮ್ಮ ಪಾತ್ರೆಯಿಂದ ಗಾಳಿ ತೆಗೆದದ್ದು ಯಾಕೆ ಅಂತ ನನಗೆ ನಿಜವಾಗಿ ಹೊಳೆದದ್ದು ಆ ಸಂಜೆ, ಅತ್ತೆಯ ಪ್ರಶ್ನೆಯಿಂದ. ಸಣ್ಣ ಪುಡಿ ಇದ್ದ ಕಡೆ ಗಾಳಿಯೂ ಆಟಕ್ಕೆ ಸೇರಿಕೊಳ್ಳುತ್ತದೆ. ಆಗ ನೋಡುತ್ತಿರುವುದು ಗುಂಡಿನ ಗುಣವೋ ಗಾಳಿಯ ಗುಣವೋ ಗೊತ್ತಾಗುವುದಿಲ್ಲ.

ತಗಡುಗಳಿಗೆ ಪೂರ್ತಿ ಅಂಕ ಕೊಡುತ್ತೇನೆ. ಅಂಚು ನಯವಾಗಿದೆ, ಬಾಗಿಲ್ಲ. ನಡುವಿನ ಪಿನ್ ಗಟ್ಟಿಯಾಗಿ ಕೂರುತ್ತದೆ. ಮರಳು ಬಳಸುವುದಾದರೆ ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ತೊಳೆದು ಒಣಗಿಸಿ.

ಇನ್ನು ಸಿಗ್ನಲ್ ಜನರೇಟರ್. ಇದು ಸೆಟ್ಟಿನ ಬಡ ಭಾಗ. ಗುಂಡಿ 60 ಹರ್ಟ್ಜ್ (ಸೆಕೆಂಡಿಗೆ 60 ಕಂಪನ) ಅಂತ ತೋರಿಸುವಾಗ ಮಲ್ಟಿಮೀಟರಿನಲ್ಲಿ 57 ಬಂತು. ಬಿಸಿಯಾದ ಮೇಲೆ ಇನ್ನೂ ಸ್ವಲ್ಪ ಜಾರುತ್ತದೆ. ಮೆಲ್ಡೆ ಪ್ರಯೋಗಕ್ಕೆ ನಡೆಯುತ್ತದೆ, ನಾನು ಮಾಡಬೇಕೆಂದಿದ್ದಕ್ಕೆ ನಡೆಯುವುದಿಲ್ಲ. ಪರಿಹಾರ ಸುಲಭವಾಗಿತ್ತು. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಟೋನ್ ಜನರೇಟರ್ ಆಪ್ ಹಾಕಿಕೊಂಡೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಆಂಪ್ಲಿಫೈಯರ್ ಬೋರ್ಡ್ ತಂದು ನಡುವೆ ಸೇರಿಸಿದೆ. ಅಂಗಡಿಯವರು, "ಮೇಡಂ, ಕಾರಿನ ವೂಫರಿಗಾ?" ಅಂದರು. ನೀರು ಕುಣಿಸೋಕೆ ಅಂದೆ. ಏನೂ ಕೇಳದೆ ಒಳಗೆ ಹೋಗಿ, ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕಂಪಿಸುವಾಗ ಬಿಸಿ ಜಾಸ್ತಿ ಆಗುತ್ತದೆ ಅಂತ ದೊಡ್ಡ ಹೀಟ್‌ಸಿಂಕ್ ಇರುವ ಬೋರ್ಡನ್ನೇ ಆರಿಸಿ ತಂದುಕೊಟ್ಟರು. ಅದು ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಆದ್ದರಿಂದ ನನ್ನ ಸಲಹೆ: ಯಂತ್ರ ಮತ್ತು ತಗಡು ಮಾತ್ರ ಬಿಡಿಯಾಗಿ ಕೊಡುತ್ತಾರಾ ಕೇಳಿ. ಜನರೇಟರಿನ ದುಡ್ಡು ಉಳಿಸಿ.

ಈಗ ನೀರು. ಒಂದು ಅಗಲ ಬಾಯಿಯ ಪ್ಲಾಸ್ಟಿಕ್ ತಟ್ಟೆಯನ್ನು ಕಡ್ಡಿಗೆ ಅಂಟಿಸಿ, ಒಂದು ಸೆಂಟಿಮೀಟರ್ ನೀರು ಹಾಕಿ, 60 ಹರ್ಟ್ಜ್‌ಗೆ ಇಟ್ಟು, ಜೋರನ್ನು ನಿಧಾನವಾಗಿ ಏರಿಸಿದೆ. ಬಹಳ ಹೊತ್ತು ಏನೂ ಇಲ್ಲ. ಅಂಚಿನಲ್ಲಿ ಸಣ್ಣ ಉಂಗುರ ಅಷ್ಟೇ. ಗುಂಡಿಯನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಇಡೀ ಮೇಲ್ಮೈ ಚೌಕುಳಿಯಾಯಿತು. ಒಂದು ಕಡೆಯಿಂದ ಹರಡಿದ್ದಲ್ಲ. ಎಲ್ಲ ಕಡೆಯೂ ಒಟ್ಟಿಗೆ. ನಮ್ಮ ಲ್ಯಾಬ್ ಅಟೆಂಡರ್ ಅಣ್ಣ ಪಕ್ಕದಲ್ಲಿದ್ದರು. "ಮೇಡಂ, ನೀರಿನ ಮೇಲೆ ಟೈಲ್ಸ್ ಹಾಕ್ದಂಗಿದೆ!" ಅಂದರು.

ಈ ಹೊಸ್ತಿಲೇ ಎಲ್ಲದರ ತಿರುಳು ಅಂತ ನನ್ನ ಅನಿಸಿಕೆ. ನಾವು ಪಾಠ ಮಾಡುವ ಹೆಚ್ಚಿನ ಫಿಸಿಕ್ಸ್‌ನಲ್ಲಿ ಎರಡು ಪಟ್ಟು ತಳ್ಳಿದರೆ ಎರಡು ಪಟ್ಟು ಫಲ. ಇಲ್ಲಿ ಹಾಗಲ್ಲ. ಒಂದು ಮಟ್ಟದವರೆಗೆ ತಳ್ಳಿದ್ದೆಲ್ಲ ಕರಗಿ ಹೋಗುತ್ತದೆ. ಅದನ್ನು ದಾಟಿದ ಕೂಡಲೇ ಹೊಸದೊಂದು ಆಕಾರ. ಆ ಆಕಾರವನ್ನು ಯಾರೂ ತಟ್ಟೆಯಲ್ಲಿ ಕೆತ್ತಿರಲಿಲ್ಲ. ನೀರಿಗೆ ಚೌಕ ಅಂದರೇನು ಅಂತ ಯಾರೂ ಹೇಳಿರಲಿಲ್ಲ. ದುಂಡನೆಯ ತಟ್ಟೆಯಲ್ಲೂ ಚೌಕುಳಿಯೇ ಬಂತು.

ಇನ್ನೊಂದು ಗುಟ್ಟೂ ಇದರಲ್ಲಿದೆ. ಫ್ಯಾರಡೆ ಅದನ್ನೂ 1831ರಲ್ಲೇ ಕಂಡಿದ್ದರು. ತಟ್ಟೆ ಸೆಕೆಂಡಿಗೆ 60 ಸಲ ಕುಣಿದರೆ ನೀರಿನ ಅಲೆ ಕುಣಿಯುವುದು 30 ಸಲ. ಸರಿಯಾಗಿ ಅರ್ಧ. ಕಂಚಿನ ಗುಂಡುಗಳ ಆಸಿಲಾನ್ ಕೂಡ ಹೀಗೇ, ಪಾತ್ರೆ ಎರಡು ಸಲ ಕುಣಿದರೆ ಅದು ಒಂದು ಸುತ್ತು ಮುಗಿಸುತ್ತದೆ. ಉಯ್ಯಾಲೆ ಜೀಕುವವರನ್ನು ನೋಡಿ. ನಿಂತು ಜೀಕುವಾಗ ಒಂದು ಸಲ ಹೋಗಿ ಬರುವಷ್ಟರಲ್ಲಿ ಎರಡು ಸಲ ಮಂಡಿ ಬಗ್ಗಿಸಿ ಏಳುತ್ತೇವೆ. ಬಿ.ಎಸ್ಸಿ. ಓದಿದವರಿಗೆ ಮೆಲ್ಡೆ ನೆನಪಿರಬಹುದು. ದಾರವನ್ನು ಉದ್ದಕ್ಕೆ ಎಳೆಯುವ ಜೋಡಣೆಯಲ್ಲಿ ಟ್ಯೂನಿಂಗ್ ಫೋರ್ಕಿನ ಫ್ರೀಕ್ವೆನ್ಸಿಯ ಅರ್ಧದಲ್ಲಿ ದಾರ ಕುಣಿಯುತ್ತದೆ ಅಂತ ಬಾಯಿಪಾಠ ಮಾಡಿರುತ್ತೇವೆ. ಎರಡರಿಂದ ಗುಣಿಸಬೇಕು ಅಂತ ರೆಕಾರ್ಡಿನಲ್ಲಿ ಬರೆದು ಮುಂದೆ ಹೋಗಿರುತ್ತೇವೆ. ನೀರಿನ ಚೌಕುಳಿಯೂ ಆ ದಾರವೂ ಒಂದೇ ಕಥೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಇದನ್ನು ಮಕ್ಕಳಿಗೆ ತೋರಿಸಲು ಮೊಬೈಲ್ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇದ್ದರೆ ಆಯಿತು. 60 ಹರ್ಟ್ಜ್ ಕುಣಿತಕ್ಕೆ ಒಂದು ಸುತ್ತಿಗೆ 4 ಚಿತ್ರ. ನಾವು ಒಂದೊಂದೇ ಚಿತ್ರ ಸರಿಸುತ್ತಾ ಹೋದೆವು. ಒಂದು ಜಾಗದ ಉಬ್ಬಿನ ಮೇಲೆ ಬೆರಳಿಟ್ಟುಕೊಂಡೆವು. 4 ಚಿತ್ರ ಆದ ಮೇಲೆ ಅದೇ ಜಾಗ ತಗ್ಗು. 8 ಚಿತ್ರ ಆದ ಮೇಲೆ ಮತ್ತೆ ಉಬ್ಬು. ಎರಡನೇ ವರ್ಷದ ಒಬ್ಬ ಹುಡುಗಿ ಮೂರು ಸಲ ಎಣಿಸಿ, "ಮೇಡಂ, ನಿಜವಾಗ್ಲೂ ಅರ್ಧ!" ಅಂದಳು. ಆಮೇಲೆ ತಟ್ಟೆಯ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆದು ಅಲೆಯ ಉದ್ದ ಅಳೆದೆವು. ನೀರಿನ ಭಾರ ಮತ್ತು ಮೇಲ್ಮೈ ಸೆಳೆತ ಹಾಕಿ ಲೆಕ್ಕ ಮಾಡಿದರೆ 8.6 ಮಿ.ಮೀ. ಬರಬೇಕು. ಅಳತೆಯಲ್ಲಿ ಎಂಟೂವರೆ ಬಂತು. 100 ಹರ್ಟ್ಜ್‌ಗೆ ಹೋದರೆ ಚೌಕುಳಿ ಸಣ್ಣದಾಗಿ ಸುಮಾರು 6 ಮಿ.ಮೀ. ಆಯಿತು. ಇಷ್ಟು ಹತ್ತಿರದ ಉತ್ತರ ಕೊಡುವ ಪ್ರಯೋಗ ನಮ್ಮ ಲ್ಯಾಬಿನಲ್ಲಿ ಜಾಸ್ತಿ ಇಲ್ಲ.

ಆದರೆ ಈ ಹಂತ ತಲುಪುವುದಕ್ಕೆ ಮೂರು ವಾರ ಹಿಡಿಯಿತು. ಅದಕ್ಕೆ ಕಾರಣ ಈ ಯಂತ್ರದ ದೊಡ್ಡ ದೋಷ.

ಕಡ್ಡಿ ನೇರವಾಗಿ ಮೇಲೆ ಕೆಳಗೆ ಹೋಗುವುದಿಲ್ಲ. ಜೊತೆಗೆ ಸ್ವಲ್ಪ ಪಕ್ಕಕ್ಕೂ ಅಲ್ಲಾಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೀರಿಗೆ ಗೊತ್ತಾಗುತ್ತದೆ. ಮೊದಲ ವಾರ ನಮ್ಮ ಚೌಕುಳಿ ಒಂದು ಅಂಚಿನಲ್ಲಿ ಮಾತ್ರ ಏಳುತ್ತಿತ್ತು, ಇನ್ನೊಂದು ಅಂಚು ಸಪ್ಪಗೆ. ಕೆಲವೊಮ್ಮೆ ಇಡೀ ವಿನ್ಯಾಸ ಎಡಕ್ಕೆ ತೇಲಿ ಹೋಗುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದೆ. ಕ್ಲಾಡ್ನಿ ತಗಡಿಗೆ ಅಷ್ಟು ನಿಖರ ಬೇಡ ಮೇಡಂ ಅಂದರು. ತಗಡಿಗೆ ಬೇಡ, ನಿಜ. ಆದರೆ ನೀರಿನ ಅಲೆಗೂ ಆಗುತ್ತದೆ ಅಂತ ಅವರದೇ ಹಾಳೆಯಲ್ಲಿ ಅಚ್ಚು ಹಾಕಿದ್ದರಲ್ಲಾ?

ಕೊನೆಗೆ ನಾವೇ ದಾರಿ ಮಾಡಿಕೊಂಡೆವು. ಅಡುಗೆಕಟ್ಟೆಗೆ ಹಾಕುವ ಗ್ರಾನೈಟಿನ ಕಟ್‌ಪೀಸ್ ಒಂದನ್ನು ತಂದೆವು. ಯಂತ್ರವನ್ನು ಅದಕ್ಕೆ ಬೋಲ್ಟ್ ಹಾಕಿ ಬಿಗಿದೆವು. ಕಲ್ಲಿನ ಕೆಳಗೆ ಮೂರು ಮೂಲೆಗೆ ತಿರುಪು. ತಟ್ಟೆಯ ಮೇಲೆ ಗಾರೆಯವರು ಬಳಸುವ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಸರಿ ಮಾಡಿದೆವು. ತಟ್ಟೆಯನ್ನು ಚಿಕ್ಕದು ಮಾಡಿ, ಸರಿಯಾಗಿ ನಡುಮಧ್ಯಕ್ಕೆ ಕೂರಿಸಿದೆವು. ಭಾರ ಒಂದು ಬದಿಗೆ ವಾಲಿದರೆ ಕಡ್ಡಿ ಇನ್ನೂ ಓರೆಯಾಗುತ್ತದೆ. ಇಷ್ಟು ಮಾಡಿದ ಮೇಲೆ ವಿನ್ಯಾಸ ನಿಂತಲ್ಲೇ ನಿಂತಿತು. ಖರ್ಚು ಇನ್ನೂರೈವತ್ತು ರೂಪಾಯಿ. ಅಟೆಂಡರ್ ಅಣ್ಣನ ಕೈಕೆಲಸ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಕುಣಿತದ ಜೋರು ಎಷ್ಟು ಅಂತ ತಿಳಿಯಲು ಸೆಟ್ಟಿನಲ್ಲಿ ಏನೂ ಇಲ್ಲ. ಅದಕ್ಕೊಂದು ಸಾಸಿವೆ ಕಾಳು ಸಾಕು. ಖಾಲಿ ತಟ್ಟೆಯಲ್ಲಿ ಒಂದೇ ಒಂದು ಕಾಳು ಇಡಿ. ಜೋರು ನಿಧಾನವಾಗಿ ಏರಿಸಿ. ಒಂದು ಹಂತದಲ್ಲಿ ಕಾಳು ಟಿರ್ ಅಂತ ಸದ್ದು ಮಾಡಲು ಶುರು ಮಾಡುತ್ತದೆ. ತಟ್ಟೆ ಕೆಳಗಿಳಿಯುವ ರಭಸ ಭೂಮಿಯ ಸೆಳೆತವನ್ನು ದಾಟಿತು, ಕಾಳು ಹಿಂದೆ ಉಳಿಯಿತು ಅಂತ ಅರ್ಥ. ಅಲ್ಲಿಗೆ ಸರಿಯಾಗಿ 1 ಜಿ, ಅಂದರೆ ಭೂಮಿಯ ಗುರುತ್ವಕ್ಕೆ ಸಮನಾದ ವೇಗೋತ್ಕರ್ಷ. ಆಗ ಯಂತ್ರಕ್ಕೆ ಹೋಗುವ ವೋಲ್ಟೇಜ್ ಬರೆದುಕೊಳ್ಳಿ. ಅದರ ಎರಡೂವರೆ ಪಟ್ಟು ಕೊಟ್ಟರೆ ಸುಮಾರು 2.5 ಜಿ. ಭಾರ ಬದಲಾದರೆ ಮತ್ತೆ ಸಾಸಿವೆ ಇಡಬೇಕು.

2.5 ಅಂತ ಯಾಕೆ ಹೇಳಿದೆ ಅಂದರೆ ಕಂಚಿನ ಗುಂಡುಗಳಲ್ಲಿ ವಿನ್ಯಾಸ ಏಳುವುದು ಸುಮಾರು ಆ ಜೋರಿಗೇ. ನಮಗೆ ಅಂಥ ಗುಂಡುಗಳು ಸಿಗಲಿಲ್ಲ. ರಾಗಿ ಹಾಕಿ ನೋಡಿದೆವು, ಕಾಳು ದಪ್ಪ, ಪದರ ಭಾರ. ಚಿರೋಟಿ ರವೆ ಹಾಕಿದರೆ ಅತ್ತೆಯ ರಂಗೋಲಿಯ ಕಥೆಯೇ, ಗಾಳಿಗೆ ಗುಡ್ಡೆಯಾಯಿತು. ಕೈ ಹಿಡಿದದ್ದು ಗಸಗಸೆ. ಆರು ಮಿ.ಮೀ. ಪದರ, 22 ಹರ್ಟ್ಜ್. ಅಲ್ಲಿ 2.5 ಜಿ ಬೇಕಾದರೆ ತಟ್ಟೆ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಸುಮಾರು 1.3 ಮಿ.ಮೀ. ಚಲಿಸಬೇಕು. ಈ ಯಂತ್ರ ಆರಾಮವಾಗಿ ಅಷ್ಟು ಕೊಡುತ್ತದೆ. ಗಸಗಸೆಯ ಮೇಲೆ ಚೌಕುಳಿ ಬಂತು. ಫ್ರೀಕ್ವೆನ್ಸಿ ಏರಿಸಿದಾಗ ಚೌಕುಳಿ ಹೋಗಿ ಪಟ್ಟೆ ಬಂತು. ಆಸ್ಟಿನ್‌ನ ಗುಂಡುಗಳಲ್ಲೂ ಇದೇ ಕ್ರಮ, ಕೆಳಗೆ ಚೌಕ, ಮೇಲೆ ಪಟ್ಟೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಜೋರು ಏರಿಸುವಾಗ ಗುಂಡಿ 5.2ರಲ್ಲಿ ಚೌಕುಳಿ ಎದ್ದಿತು. ಇಳಿಸುವಾಗ 5.2ರಲ್ಲಿ ಹೋಗಲಿಲ್ಲ. 4.6ರವರೆಗೆ ಉಳಿಯಿತು. ಹತ್ತು ಸಲ ಮಾಡಿದೆವು, ಪ್ರತಿ ಸಲವೂ ಹೀಗೆ. 4.6 ಮತ್ತು 5.2ರ ನಡುವೆ ಸಪಾಟು ಪದರವೂ ನಿಲ್ಲಬಲ್ಲದು, ಚೌಕುಳಿಯೂ ನಿಲ್ಲಬಲ್ಲದು. ಯಾವುದು ನಿಲ್ಲುತ್ತದೆ ಅನ್ನುವುದು ಎಲ್ಲಿಂದ ಬಂದೆವು ಅನ್ನುವುದರ ಮೇಲೆ. ಆಸಿಲಾನ್ ಬದುಕುವುದು ಇಂಥ ಇಕ್ಕಟ್ಟಿನ ಜಾಗದಲ್ಲೇ. ಸುತ್ತಲೂ ಸಪಾಟು, ನಡುವೆ ಒಂದು ಚೂರು ವಿನ್ಯಾಸ, ಎರಡೂ ಅಕ್ಕಪಕ್ಕ. ಪೆನ್ಸಿಲಿನಿಂದ ಪದರವನ್ನು ಚುಚ್ಚಿ ಒಂಟಿ ಗುಪ್ಪೆ ಎಬ್ಬಿಸಲು ನೋಡಿದೆವು. ಏಳೆಂಟು ಕುಣಿತ ನಿಂತು ಅಳಿಸಿಹೋಯಿತು. ನಮಗೆ ಆಸಿಲಾನ್ ಸಿಗಲಿಲ್ಲ. ಗಾಳಿ ತೆಗೆದ ಪಾತ್ರೆ, ಒಂದೇ ಗಾತ್ರದ ಸಣ್ಣ ಗುಂಡು, ಓರೆಯಾಗದ ಕಡ್ಡಿ, ಈ ಮೂರೂ ಬೇಕು. ಯಂತ್ರ ಇದನ್ನು ಮಾಡಿಕೊಡುತ್ತದೆ ಅಂತ ನಂಬಿ ಕೊಳ್ಳಬೇಡಿ.

ಕೊನೆಯದು ಕಾರ್ನ್‌ಫ್ಲೋರ್. ಫ್ಲೋರಿಯನ್ ಮರ್ಕ್ಟ್, ರಾಬರ್ಟ್ ಡೀಗನ್ ಮುಂತಾದವರು ಸ್ವಿನ್ನಿ ಜೊತೆ 2004ರಲ್ಲಿ ಪ್ರಕಟಿಸಿದ್ದು. ಕಾರ್ನ್‌ಫ್ಲೋರನ್ನು ನೀರಲ್ಲಿ ಕಲಸಿ ಜೋರಾಗಿ ಕುಣಿಸುತ್ತಾ, ಗಾಳಿ ಊದಿ ಒಂದು ತೂತು ಮಾಡಿದರೆ, ಆ ತೂತು ಮುಚ್ಚುವುದೇ ಇಲ್ಲ. ದ್ರವದಲ್ಲಿ ತೂತು! ಇದಕ್ಕೆ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಅಂತ ಪ್ಯಾಕೆಟ್‌ನಲ್ಲಿ ಸಿಗುವ ಬಿಳಿ ಪಿಷ್ಟವೇ ಆಗಬೇಕು. ಮಿಲ್ಲಿನಲ್ಲಿ ಬೀಸಿದ ಮೆಕ್ಕೆಜೋಳದ ಹಳದಿ ಹಿಟ್ಟು ಬೇಡ, ಅದು ಗಂಜಿಯಾಗುತ್ತದೆ. ಚಮಚ ನಿಧಾನವಾಗಿ ಆಡಿಸಿದರೆ ಮಜ್ಜಿಗೆಯಂತೆ ಹರಿಯಬೇಕು, ಜೋರಾಗಿ ಕುಕ್ಕಿದರೆ ಗಟ್ಟಿಯಾಗಬೇಕು. ಆ ಹದ.

ಇಲ್ಲಿ ಬೇಕಾದ ಜೋರು 10 ಜಿ ಅಥವಾ ಜಾಸ್ತಿ. ಮೊದಲ ದಿನ ದೊಡ್ಡ ತಟ್ಟೆಯಲ್ಲಿ ಕಾಲು ಲೀಟರ್ ಹಾಕಿದೆವು. ಯಂತ್ರದೊಳಗಿನ 1 ಆಂಪಿಯರ್ ಫ್ಯೂಸ್ ಹೋಯಿತು. ಆ ಗಾತ್ರದ ಫ್ಯೂಸ್ ನಮ್ಮೂರಲ್ಲಿ ಸಿಗಲಿಲ್ಲ. ಮಾರಿದವರು ಕಳಿಸುವುದಕ್ಕೆ 19 ದಿನ ತೆಗೆದುಕೊಂಡರು, ಅದೂ ನಾನು ನಾಲ್ಕು ಸಲ ಫೋನ್ ಮಾಡಿದ ಮೇಲೆ. ಹತ್ತು ರೂಪಾಯಿಯ ವಸ್ತುವಿಗೆ ಸೆಮಿಸ್ಟರಿನ ಮೂರು ಪ್ರಾಕ್ಟಿಕಲ್ ಕ್ಲಾಸ್ ಹೋದವು. ಇದು ನನಗೆ ನಿಜವಾಗಿ ಬೇಸರ ತಂದ ಸಂಗತಿ.

ಎರಡನೇ ಸಲ ಎಚ್ಚರ ವಹಿಸಿದೆವು. ಬಾಟಲಿಯ ಅಗಲ ಮುಚ್ಚಳ, ಆರು ಸೆಂಟಿಮೀಟರ್ ಅಡ್ಡಳತೆ. ಅದರಲ್ಲಿ ಅರ್ಧ ಸೆಂಟಿಮೀಟರ್ ಕಾರ್ನ್‌ಫ್ಲೋರ್ ಕಲಸು, ಇಪ್ಪತ್ತು ಗ್ರಾಂ ಒಳಗೆ. 120 ಹರ್ಟ್ಜ್. ಅಷ್ಟು ಫ್ರೀಕ್ವೆನ್ಸಿಯಲ್ಲಿ 10 ಜಿ ಬರಲು ಮುಚ್ಚಳ ಮಿಲಿಮೀಟರಿನ ಆರನೇ ಒಂದು ಭಾಗ ಚಲಿಸಿದರೆ ಸಾಕು. ಜ್ಯೂಸ್ ಕುಡಿಯುವ ಸ್ಟ್ರಾ ಇಟ್ಟು ಒಬ್ಬ ಹುಡುಗ ಉಫ್ ಅಂತ ಊದಿದ. ತೂತು ಬಿತ್ತು. ತಳದ ಪ್ಲಾಸ್ಟಿಕ್ ಕಾಣುತ್ತಿತ್ತು. ನಿಲ್ಲಲಿಲ್ಲ, ಮುಚ್ಚಿತು. ಜೋರು ಸ್ವಲ್ಪ ಏರಿಸಿ ಮತ್ತೆ ಊದಿದ. ಈ ಸಲ ತೂತಿನ ಅಂಚು ನಡುಗಿತು, ಮುಂದಕ್ಕೆ ಬಾಗಿತು, ಬೀಳುತ್ತದೆ ಅನ್ನುವಷ್ಟರಲ್ಲಿ ಹಿಂದಕ್ಕೆ ಹೊರಳಿತು. ಹೆಬ್ಬೆರಳ ಉಗುರಿನಷ್ಟು ತೂತು. ಅಂಚಿನಲ್ಲಿ ಹಿಟ್ಟು ಒಳಗಿನಿಂದ ಹೊರಕ್ಕೆ ಸುತ್ತುತ್ತಲೇ ಇತ್ತು. ಮಕ್ಕಳು ಗಡಿಯಾರ ನೋಡಿದರು. ಒಂದು ನಿಮಿಷ. ಐದು. ಹನ್ನೊಂದು ನಿಮಿಷಕ್ಕೆ ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಕೊನೆಗೆ ನಾನೇ ಸ್ವಿಚ್ ಆರಿಸಿದೆ. ಆರಿಸಿದ ಕೂಡಲೇ ತೂತು ಮುಚ್ಚಿ ಮೇಲ್ಮೈ ಹಾಲಿನ ಹಾಗೆ ಸಮವಾಯಿತು.

ಇಷ್ಟು ಕೊಡುವ ಯಂತ್ರಕ್ಕೆ ನಾನು ಐದರಲ್ಲಿ ಮೂರೂವರೆ ಕೊಡುತ್ತೇನೆ. ಯಂತ್ರಕ್ಕೂ ತಗಡಿಗೂ ನಾಲ್ಕು, ಜನರೇಟರಿಗೆ ಎರಡು. ಮಾರಾಟದ ನಂತರದ ಸೇವೆ ಇನ್ನೂ ತುಂಬ ಸುಧಾರಿಸಬೇಕು. ಬರೀ ಮೆಲ್ಡೆಗೆ ಕೊಳ್ಳುವವರಿಗೆ ಇದು ದುಬಾರಿ. ಒಂದು ಹಳೆಯ ಎಂಟಿಂಚಿನ ವೂಫರಿನ ಮೇಲೆ ತಟ್ಟೆ ಅಂಟಿಸಿದರೂ ನೀರಿನ ಚೌಕುಳಿ ಬರುತ್ತದೆ, ನಾನು ಮಾಡಿ ನೋಡಿದ್ದೇನೆ. ಆದರೆ ಅಳತೆ ಬೇಕು, ದಿನವೂ ಬಳಸಬೇಕು ಅನ್ನುವ ಲ್ಯಾಬಿಗೆ ಇದೇ ಒಳ್ಳೆಯದು. ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ನಾಲ್ಕು ಸಾಸಿವೆ ಕಾಳು, ಒಂದು ಮುಚ್ಚಳ ಒಯ್ಯಿರಿ. ಮುಚ್ಚಳವನ್ನು ಕಡ್ಡಿಗೆ ಸಿಕ್ಕಿಸಿ, ನಾಲ್ಕು ಮೂಲೆಗೂ ಒಂದೊಂದು ಕಾಳು ಇಟ್ಟು ಜೋರು ಏರಿಸಲು ಹೇಳಿ. ನಾಲ್ಕೂ ಒಂದೇ ಹೊತ್ತಿಗೆ ಸದ್ದು ಮಾಡಿದರೆ ಕಡ್ಡಿ ನೇರವಾಗಿದೆ. ಒಂದು ಮುಂಚೆ, ಒಂದು ಹಿಂದೆ ಆದರೆ ಬೇರೆ ಪೀಸ್ ಕೇಳಿ. ಬಿಲ್ ಹಾಕಿಸುವಾಗ ಫ್ಯೂಸ್ ಹತ್ತು ಸೇರಿಸಿಕೊಡಲು ಹೇಳುವುದನ್ನು ಮರೆಯಬೇಡಿ.